ಹೆಣವಿಲ್ಲದ ಅಳು

ಭಾರತೀನಗರದ ಬಸ್ ಸ್ಟ್ಯಾಂಡಿನ ಹಿಂದೆ ಚಲುವರಾಜು ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ. ಹುಟ್ಟುಹಬ್ಬದ ಪುಢಾರಿಗಳಿಗೆ ತಂಪು ಕನ್ನಡಕ ತೊಡಿಸುವುದು, ತೀರಿಕೊಂಡವರ ಫೋಟೊ ಹಿಂದೆ ಮೋಡ ತುಂಬುವುದು, ಇದು ಹೊಟ್ಟೆಪಾಡು. ಜೀವ ಇದ್ದದ್ದು ಬೇರೆ ಕಡೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ, ಸದ್ದು ಎಲ್ಲ ಕಲಸಿ ಎಲ್ಲೂ ಇಲ್ಲದ ಲೋಕ ಕಟ್ಟುತ್ತಿದ್ದ. ಕಬ್ಬಿನ ಜಲ್ಲೆಗೆ ಕಣ್ಣು ಮೂಡಿ ರೆಪ್ಪೆ ಬಡಿಯುತ್ತಿತ್ತು. ಅವನೂರು ಕೊಪ್ಪದ ಕೆರೆ ಎದ್ದು ನಿಂತು ಮದ್ದೂರಿನ ಬಸ್ಸು ಹತ್ತುತ್ತಿತ್ತು. ಊರಲ್ಲಿ ತೋರಿಸಿದರೆ ‘ಇವುನ್ಗೆ ಗಾಳಿ ಸೋಕ್ಬುಟ್ಟದೆ’ ಅನ್ನುತ್ತಿದ್ದರು. ಹಾಗಾಗಿ ಆನ್‌ಲೈನಿನ ಒಂದು ಗುಂಪಿಗೆ ಹಾಕುತ್ತಿದ್ದ. ಅಲ್ಲಿದ್ದವರು ಯಾವ್ಯಾವುದೋ ದೇಶದ, ಇಂಥದೇ ತಲೆಯ ಜನ. ಅವರು ಇವನನ್ನು ಕಲಾವಿದ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ಹಾಗೆ ಕರೆಯದ ಮನುಷ್ಯನಿಗೆ ಅದರ ಅಮಲು ಹತ್ತದೆ ಇರುತ್ತದೆಯೇ?

ಅವನ ತಾಯಿ ಇಂದ್ರಮ್ಮನ ತಂಗಿ ಬೀರಮ್ಮ. ಅಕ್ಕತಂಗಿಯರನ್ನು ಕೊಪ್ಪದ ಒಂದೇ ಬೀದಿಗೆ ಕೊಟ್ಟಿದ್ದರು. ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಹೆಂಗಸರು ದಾರಿ ನೋಡುತ್ತಿದ್ದುದು ಬೀರಮ್ಮನಿಗಾಗಿ. ಅವಳು ಹೆಣದ ತಲೆಯ ಬಳಿ ಕೂತು ಹಾಡಿಕೊಂಡು ಅಳುತ್ತಿದ್ದಳು. ಸತ್ತವರು ಸಾಕಿದ್ದ ಎತ್ತು, ಯಾವುದೋ ಮದುವೆಯಲ್ಲಿ ಮುನಿಸಿಕೊಂಡು ಎದ್ದು ಬಂದದ್ದು, ಸೊಸೆಯ ಬಾಣಂತನ ಮಾಡಿದ್ದು, ಎಲ್ಲ ಆ ಅಳುವಿನಲ್ಲಿ ಬರುತ್ತಿತ್ತು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಮಕ್ಕಳು ಆಗ ಬಾಯಿಬಿಟ್ಟು ಅಳುತ್ತಿದ್ದರು. ಬೀರಮ್ಮ ಅಳದಿದ್ದರೆ ಸತ್ತವರನ್ನು ಕಳಿಸಿಕೊಟ್ಟ ಹಾಗೇ ಅಲ್ಲ ಅನ್ನುವಷ್ಟು ಅದು ರೂಢಿಯಾಗಿತ್ತು.

ಹೋದ ವರ್ಷ ಅವಳ ಗಂಡ ಲಿಂಗಯ್ಯನೇ ತೀರಿಕೊಂಡ. ಬೀರಮ್ಮ ಅಂದು ಅತ್ತ ಅಳುವಿಗೆ ಬೀದಿಯೇ ಕರಗಿತು. ಚಲುವರಾಜು ಕೂಡ ಗಳಗಳ ಅತ್ತ, ಅಳುತ್ತಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಅದೊಂದು ಅಭ್ಯಾಸ ಅವನಿಗೆ, ಏನು ಮಾಡುವುದು? ತಿಥಿ ಮುಗಿದ ಮೇಲೆ ವಿಡಿಯೊ ಕಟ್ಟಿದ. ಮೈಯಿಲ್ಲದ ಒಂದು ಅಂಗಿ ಟ್ರ್ಯಾಕ್ಟರ್ ಓಡಿಸಿಕೊಂಡು ಕಬ್ಬಿನ ಗದ್ದೆಯ ಮೇಲೆ ಗಾಳಿಯಲ್ಲಿ ಹೋಗುತ್ತದೆ, ಹಿಂದೆ ಬೀರಮ್ಮನ ದನಿ. ಗುಂಪಿನವರು ಹುಚ್ಚೆದ್ದು ಹೋದರು. ಒಂದಕ್ಷರ ಅರ್ಥವಾಗದಿದ್ದರೂ ಎದೆ ಒಡೆಯಿತು ಎಂದು ಬರೆದರು. ಇನ್ನೊಂದು ಬೇಕು, ಸದ್ದು ಇನ್ನೂ ಶುದ್ಧವಾಗಿರಲಿ ಎಂದು ಕೇಳಿಕೊಂಡರು.

ಅವನು ಚಿಕ್ಕವ್ವನನ್ನು ಅಂಗಡಿಗೆ ಕರೆತಂದು ಹೆಮ್ಮೆಯಿಂದ ತೋರಿಸಿದ. ಬೀರಮ್ಮ ಸಾಲುಸಾಲು ಹೃದಯದ ಗುರುತುಗಳನ್ನು ನೋಡಿದಳು.

“ಯಾರ್ಲಾ ಸತ್ತಿದ್ರು ಇವ್ರುಗೆಲ್ಲ?” ಅಂದಳು.

ಚಲುವರಾಜು ನಕ್ಕುಬಿಟ್ಟ. ಆಮೇಲೆ ಮೈಕ್ ಮುಂದಿಟ್ಟು ಇನ್ನೊಂದು ಸಲ ಅಳು ಅಂದ.

“ಎಣ ಇಲ್ದೆ ಅಳ್ಬಾರ್ದು ಕಣ್ಲಾ. ಮನೆಗೆ ಒಳ್ಳೇದಾಗಕ್ಕಿಲ್ಲ.”

“ಇದು ಮನೆ ಅಲ್ಲ ಚಿಕ್ಕವ್ವ, ಅಂಗಡಿ. ಬುಡು.”

ಸೊಂಟದಲ್ಲಿ ಎತ್ತಿ ಆಡಿಸಿದ ಹುಡುಗ ಕೇಳಿದರೆ ಎಷ್ಟಂತ ಇಲ್ಲ ಅಂದಾಳು? ಅವನು ಷಟರ್ ಎಳೆದು, ಅವಳ ಸೆರಗಿನ ಮೇಲೇ ಹೆಡ್‌ಫೋನ್ ಕೂರಿಸಿದ. ಬೀರಮ್ಮ ಶುರು ಮಾಡಿದವಳೇ ಬೆಚ್ಚಿ ನಿಲ್ಲಿಸಿದಳು. ತನ್ನ ದನಿ ತನ್ನ ಕಿವಿಯೊಳಗೇ ಕೇಳುತ್ತಿತ್ತು.

“ನಾನೇನ್ಲಾ ಇದು?”

“ನೀನೇ. ಅಯ್ಯೋ ಅನ್ನೋದ್ನ ಇನ್ನೊಂಚೂರು ಎಳಿ. ತಲೆ ಅಲ್ಲಾಡುಸ್ಬ್ಯಾಡ.”

ಅವಳು ಎಳೆದಳು. ಅವನು ಸಾಲದು ಅಂದ. ಮತ್ತೆ ಎಳೆದಳು. ಕೊನೆಗೆ ಅವನಿಗೆ ಬೇಕಾದ ಹಾಗೆ ಬಂದಾಗ ಅವಳೇ ಮುಖ ಎತ್ತಿ, “ಚೆಂದಾಗ್ ಬಂತಾ?” ಎಂದು ಕೇಳಿದಳು.

“ಸೂಪರ್ ಚಿಕ್ಕವ್ವ,” ಅಂದ ಮೂರ್ಖ. ಆ ಪ್ರಶ್ನೆ ಕೇಳಿದಾಗಲೇ ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ವಿಡಿಯೊಗೆ ಮೊದಲಿನದಕ್ಕಿಂತ ಹೆಚ್ಚು ಹೃದಯಗಳು ಬಿದ್ದವು.

ಮಾಗಿಯ ಒಂದು ಬೆಳಿಗ್ಗೆ ಇಂದ್ರಮ್ಮ ಡೇರಿಗೆ ಹಾಲು ಹಾಕಿ ಬಂದು ಜಗುಲಿಯ ಮೇಲೆ ಕೂತವಳು ಹಾಗೇ ಒರಗಿದಳು. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣ ಇಲ್ಲದೆ ಅಳಿಸಿದ್ದಕ್ಕೇ ಹೀಗಾಯಿತು ಎಂದು, ಅಂಗಡಿಯ ಸುದ್ದಿ ಹೇಗೋ ಕೇಳಿದ್ದ ಬೀದಿಯ ಕೆಲವರು ಗುಸುಗುಸು ಅಂದರು. ಚಲುವರಾಜು ಅದನ್ನು ನಂಬಲಿಲ್ಲ, ನಂಬುವವನೂ ಅಲ್ಲ. ಅವ್ವನ ಕಾಲ ಬಳಿ ಒಣಗಣ್ಣಿನಲ್ಲಿ ಕೂತಿದ್ದ. ಚಿಕ್ಕವ್ವ ಬಂದರೆ ಅಳು ಬರುತ್ತದೆ ಎಂದು ಕಾಯುತ್ತಿದ್ದ.

ಬೀರಮ್ಮ ಬಂದಳು. ಹೆಂಗಸರು ಜಾಗ ಬಿಟ್ಟರು. ಅಕ್ಕನ ತಲೆಯ ಬಳಿ ಕೂತು, ಕೆನ್ನೆ ಹಿಡಿದು ಬಾಯಿ ತೆರೆದಳು. ಒಂದು ಅಯ್ಯೋ ಬಂತು. ಅಂಗಡಿಯಲ್ಲಿ ಅವನು ಹೇಳಿಕೊಟ್ಟ ಹಾಗೇ, ಅಷ್ಟೇ ಉದ್ದಕ್ಕೆ ಎಳೆದು ಬಂತು. ಬೀರಮ್ಮ ಸರಕ್ಕನೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಅಳೇ ಬೀರಿ,” ಅಂದರು ಹೆಂಗಸರು. ಅವಳು ತಲೆ ಅಲ್ಲಾಡಿಸಿದಳು.

ಚಲುವರಾಜು ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡ. “ಅಳು ಚಿಕ್ಕವ್ವ. ಅವ್ವನ್ನ ಇಂಗೇ ಕಳಿಸ್ಬ್ಯಾಡ.”

“ಆಯ್ತಿಲ್ಲ ಕಣ್ ಮಗ. ಬಾಯ್ ತೆಗುದ್ರೆ ನನ್ ದನಿ ನಂಗೇ ಕೇಳ್ತದೆ. ಚೆಂದಾಗ್ ಬಂತಾ ಅಂತ ಕಿವಿ ಕೊಡ್ತೀನಿ. ಸತ್ತಿರೋಳು ನಮ್ಮಕ್ಕ ಕಣ್ಲಾ. ಅವುಳ್ ಮುಂದೆ ಎಂಗ್ಲಾ ಅಂಗ್ ಅಳ್ಲಿ?”

ಅವನಿಗೆ ಚಿಕ್ಕವ್ವನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದು ಏನು ಪ್ರಯೋಜನ?

ಹೊತ್ತು ಮೀರುತ್ತದೆ ಎಂದು ಗಂಡಸರು ಚಟ್ಟ ಎತ್ತಿದರು. ತಮಟೆ ಮುಂದೆ ಹೋಯಿತು. ಚಲುವರಾಜು ನಡೆಯುತ್ತ ತಾನೇ ಅವ್ವನನ್ನು ಹೇಳಿಕೊಂಡು ಅಳಲು ನೋಡಿದ. ಏನು ಹೇಳುವುದು? ಅವ್ವ ಹುಡುಗಿಯಾಗಿದ್ದಾಗ ಹೇಗಿದ್ದಳು, ಯಾತಕ್ಕೆ ಹೆದರುತ್ತಿದ್ದಳು, ಇವನು ಹುಟ್ಟಿದ ದಿನ ಏನಂದಳು, ಒಂದೂ ಅವನಿಗೆ ಗೊತ್ತಿರಲಿಲ್ಲ. ಅದೆಲ್ಲ ಗೊತ್ತಿದ್ದವಳು ಹಿಂದೆ ಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.