ಅಮ್ಮನ ಸ್ವಂತ ದನಿ

ಜನ ನನ್ನ ಅಮ್ಮನ ದನಿಯನ್ನು ಮೊದಲ ಸಲ ಕೇಳಿದ್ದು ಅವಳಿಗೆ ನಲವತ್ತೆಂಟು ತುಂಬಿದ ಮೇಲೆ. ಅಷ್ಟರಲ್ಲಿ ಅವಳು ಎಂಬತ್ತಮೂರು ಸಿನಿಮಾ ಮುಗಿಸಿದ್ದಳು. ಅಷ್ಟರಲ್ಲೂ ಮುಖ ಅವಳದು, ಅಳು ನಗು ಅವಳದು. ಮಾತು ಮಾತ್ರ ಬೇರೆಯವರದು.

ಐದನೇ ವಯಸ್ಸಿನಲ್ಲಿ ಬಂದ ಯಾವುದೋ ಗಂಟಲು ಬೇನೆ ಜೀವ ಉಳಿಸಿ ದನಿಯನ್ನು ಎತ್ತಿಕೊಂಡು ಹೋಗಿತ್ತಂತೆ. ಉಳಿದದ್ದು ಗೊಗ್ಗರು. ಮನೆಯಲ್ಲಿ ಅವಳು ಫೋನೆತ್ತಿದರೆ ಆ ಕಡೆಯವರು, ಸಾರ್, ಮೇಡಂ ಇದ್ದಾರಾ ಎಂದು ಕೇಳುತ್ತಿದ್ದರು. ಮಾತಾಡಲು ಇಷ್ಟವಿಲ್ಲದವರಾದರೆ ಅಮ್ಮ ಗಂಭೀರವಾಗಿ, ಇಲ್ಲಮ್ಮ, ಶೂಟಿಂಗಿಗೆ ಹೋಗಿದ್ದಾಳೆ ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಅಂಗಡಿಯಲ್ಲಿ ಗುರುತು ಹಿಡಿದವರು ಅವಳು ಬಾಯಿ ಬಿಟ್ಟ ಕೂಡಲೇ ಪಾಪ, ನೆಗಡಿಯಾ ಎನ್ನುತ್ತಿದ್ದರು. ಹೌದು, ಹುಟ್ಟಿ ಐದು ವರ್ಷಕ್ಕೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ ಎನ್ನುತ್ತಿದ್ದಳು ಅಮ್ಮ.

ಅವಳು ಸಿನಿಮಾಕ್ಕೆ ಬಂದದ್ದು ತಾತನ ದೆಸೆಯಿಂದ. ತಾತ ಸ್ಟುಡಿಯೋದ ದರ್ಜಿ. ನಟಿಯರು ಅಳತೆ ಕೊಡಲು ಬರುವಷ್ಟು ಪುರುಸೊತ್ತು ಇಲ್ಲದವರು. ಹಾಗಾಗಿ ತಾತ ಹೊಲಿದದ್ದನ್ನೆಲ್ಲ ಹದಿನೇಳರ ಮಗಳಿಗೆ ತೊಡಿಸಿ, ಗುಂಡುಸೂಜಿ ಚುಚ್ಚಿ ನೋಡುತ್ತಿದ್ದ. ಒಂದು ಬೆಳಿಗ್ಗೆ ನಾಯಕಿಯ ಗೆಳತಿಯ ಪಾತ್ರದವಳು ಬರಲಿಲ್ಲ. ದೀಪಗಳೆಲ್ಲ ಹೊತ್ತಿಕೊಂಡು ಕಾಯುತ್ತಿವೆ, ನಿರ್ದೇಶಕರು ಉರಿದು ಬೀಳುತ್ತಿದ್ದಾರೆ. ಮೂಲೆಯಲ್ಲಿ ಅದೇ ಉಡುಪು ತೊಟ್ಟು, ಅಂಚಿಗೆ ಹೊಲಿಗೆ ಹಾಕಿಸಿಕೊಳ್ಳುತ್ತ ನಿಂತಿದ್ದವಳು ಅಮ್ಮ. ಅವಳನ್ನೇ ಎಳೆದು ನಿಲ್ಲಿಸಿದರು. ನಾಯಕಿಗೆ ಬಂದ ಪ್ರೇಮದ ಕಾಗದ ಓದಿ ನಗಬೇಕಾದ ದೃಶ್ಯ. ಅಮ್ಮ ಓದಿದಳು, ನಕ್ಕಳು, ಆಮೇಲೆ ಯಾರೂ ಹೇಳದೆಯೇ ಕಾಗದವನ್ನು ಮಡಿಸುವಾಗ ಒಂದು ಕ್ಷಣ ತಡೆದಳು, ಇಂಥದ್ದು ತನಗೆ ಬರಲಿಲ್ಲವಲ್ಲ ಎನ್ನುವ ಹಾಗೆ. ನಿರ್ದೇಶಕರು ತಣ್ಣಗಾದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಶಬ್ದದ ಎಂಜಿನಿಯರು ಮಾತ್ರ ಅದನ್ನು ತೆಗೆದಿಟ್ಟು, ಮುಖ ಇಟ್ಕೊಳ್ಳಿ, ಗಂಟಲು ಬೇಡ ಎಂದರಂತೆ.

ಹಾಗೆ ಬಂದವಳು ಕೋಗಿಲೆ. ಕಂಠದಾನ ಮಾಡುವ ಆ ಹೆಂಗಸನ್ನು ಸ್ಟುಡಿಯೋದವರೆಲ್ಲ ಕರೆಯುತ್ತಿದ್ದದ್ದು ಹಾಗೇ. ಅಮ್ಮನಿಗಿಂತ ಎರಡು ವರ್ಷ ದೊಡ್ಡವಳು. ಚಿತ್ರೀಕರಣ ಮುಗಿದು ತಿಂಗಳಾದ ಮೇಲೆ ಕತ್ತಲೆ ಕೋಣೆಯಲ್ಲಿ ನಿಂತು, ಪರದೆಯ ಮೇಲೆ ಅಮ್ಮನ ತುಟಿ ಅಲ್ಲಾಡಿದ ಹಾಗೆಲ್ಲ ಮಾತು ತುಂಬುವುದು ಅವಳ ಕೆಲಸ. ಅಮ್ಮ ಗೆಳತಿಯಾದಾಗಲೂ ನಾಯಕಿಯಾದಾಗಲೂ ಅವಳೇ. ಮೂವತ್ತಾರಕ್ಕೆ ಅಮ್ಮ ತನಗಿಂತ ಎರಡು ವರ್ಷ ದೊಡ್ಡ ನಾಯಕನಿಗೆ ತಾಯಿಯಾದಾಗ, ಜೊತೆಗೆ ಕೋಗಿಲೆಯ ದನಿಯೂ ತಾಯಿಯಾಯಿತು. ಅಷ್ಟು ವರ್ಷಗಳಲ್ಲಿ ಇಬ್ಬರೂ ಎದುರೆದುರು ಸಿಕ್ಕಿದ್ದು ಎರಡೇ ಸಲ.

ಎರಡನೆಯ ಸಲದ್ದು ಕಹಿ. ಅಮ್ಮನಿಗೆ ಆ ವರ್ಷದ ಶ್ರೇಷ್ಠ ನಟಿ ಪ್ರಶಸ್ತಿ ಬಂದಿತ್ತು. ಮಗಳ ಒಳ್ಳೆಯದಕ್ಕಾಗಿ ಅವಳನ್ನು ಮನೆಯಿಂದ ಕಳಿಸಿಬಿಡುವ ತಾಯಿಯ ಪಾತ್ರ. ವೇದಿಕೆಯ ಮೇಲೆ ಹೊಗಳಿಕೆ ಓದಿದವರು, ಇವರು ಮಾತಾಡುವ ರೀತಿಯೇ ಒಂದು ಪಾಠ ಎಂದುಬಿಟ್ಟರು. ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಕೋಗಿಲೆ ಸಿಕ್ಕಳು. ಅಭಿನಂದನೆ ಅಂದಳು, ಹೊರಟುಹೋದಳು. ಆ ಫಲಕವನ್ನು ಅಮ್ಮ ಗೋಡೆಗೆ ಹಾಕಲಿಲ್ಲ. ಬಟ್ಟೆಯ ಬೀರುವಿನಲ್ಲಿ, ಅಪ್ಪನ ಹಳೇ ಕೋಟುಗಳ ಕೆಳಗಿಟ್ಟಳು. ಅರ್ಧ ಪ್ರಶಸ್ತಿಗೆ ಪೂರ್ತಿ ಮೊಳೆ ಯಾಕೆ ದಂಡ ಎಂದಳು. ಅಪ್ಪ ನಕ್ಕ, ಅವಳು ನಗಲಿಲ್ಲ.

ಆಮೇಲೆ ಸಿನಿಮಾದವರು ಕರೆಯುವುದು ಕಡಿಮೆಯಾಯಿತು. ಅಪ್ಪ ತೀರಿಕೊಂಡ. ನಾನು ಶಾಲೆಯಲ್ಲಿ ಲೆಕ್ಕದ ಟೀಚರಾದೆ. ಅಮ್ಮ ಗಿಡಗಳಿಗೆ ನೀರು ಹಾಕುತ್ತ, ಪತ್ರಿಕೆಯ ಪದಬಂಧ ಬಿಡಿಸುತ್ತ, ಇದೇ ಸಾಕು ಎನ್ನುತ್ತಿದ್ದಳು. ಸಾಕು ಎಂದಾಗಲೆಲ್ಲ ಪೆನ್ಸಿಲ್ ಕಚ್ಚುತ್ತಿದ್ದಳು.

ಟೆಲಿವಿಷನ್ನಿನವಳು ಬಂದದ್ದು ಆಗ. ಮೂವತ್ತರ ಹುಡುಗಿ, ಕತ್ತರಿಸಿದ ಕೂದಲು, ಕಂಕುಳಲ್ಲಿ ಫೈಲು, ನಾಟಕದಲ್ಲಿ ಪಳಗಿ ನಿರ್ದೇಶಕಿಯಾದವಳು. ವಾರಕ್ಕೆ ಐದು ದಿನ ಬರುವ ಧಾರಾವಾಹಿ, ಆಸ್ಪತ್ರೆಯ ಒಂದು ವಾರ್ಡಿನ ಕಥೆ. ಹಿರಿಯ ನರ್ಸಿನ ಪಾತ್ರವನ್ನು ನೀವು ಮಾಡಬೇಕು ಎಂದಳು. ಅಮ್ಮ ಒಪ್ಪಿ, ಕೋಗಿಲೆಯ ವಿಳಾಸ ಬರೆದುಕೊಳ್ಳಲು ಹೇಳಿದಳು. ಹುಡುಗಿ ಬರೆದುಕೊಳ್ಳಲಿಲ್ಲ. ಇಲ್ಲಿ ಮಾತು ಅಲ್ಲೇ ಆಗಬೇಕು, ಆಮೇಲೆ ತುಂಬಲು ಸಮಯವಿರುವುದಿಲ್ಲ ಎಂದು ವಿವರಿಸಿದಳು.

"ಅದೂ ಅಲ್ದೆ ನನಗೆ ಈ ದನಿನೇ ಬೇಕಮ್ಮ," ಎಂದಳು. "ಮೂವತ್ತು ವರ್ಷ ವಾರ್ಡಲ್ಲಿ ಕೂಗಿ ಕೂಗಿ ಸವೆದ ಗಂಟಲು ಹೀಗೇ ಇರತ್ತೆ."

ಅಮ್ಮ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಆಗುವುದಿಲ್ಲ ಎಂದು ನನ್ನ ಕೈಲಿ ಹೇಳಿಸಿದಳು. ಮೂರು ದಿನ ಪದಬಂಧ ಖಾಲಿಯೇ ಬಿದ್ದಿತ್ತು. ನಾಲ್ಕನೆಯ ದಿನ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಳು. ರಜ ಹಾಕು, ಕೋಗಿಲೆ ಮನೆಗೆ ಹೋಗೋಣ ಎಂದಳು.

ಕೋಗಿಲೆಯದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆಗೆದವಳು ತೆಳ್ಳಗೆ, ಕನ್ನಡಕ ಹಾಕಿಕೊಂಡು, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದಿದ್ದಳು. ಬನ್ನಿ ಎಂದ ಆ ಒಂದು ಮಾತಿಗೆ ನನಗೆ ಮೈ ಜುಮ್ಮೆಂದಿತು. ಚಿಕ್ಕಂದಿನಿಂದ ಸಿನಿಮಾ ಮಂದಿರದಲ್ಲಿ ಅಮ್ಮನ ಬಾಯಿಂದ ಕೇಳಿದ್ದ ದನಿ ಯಾರದೋ ಮನೆಯ ಹೊಸ್ತಿಲಿನಿಂದ ಬರುತ್ತಿತ್ತು. ಇಬ್ಬರೂ ಕೂತರು. ಮೊಣಕಾಲು ನೋವು, ನೀರಿನ ತೊಂದರೆ, ಎಲ್ಲ ಆಯಿತು. ಕೊನೆಗೆ ಅಮ್ಮ ತಲೆ ತಗ್ಗಿಸಿಯೇ ಹೇಳಿದಳು.

"ನನಗೆ ಮಾತಾಡೋದು ಹೇಳಿಕೊಡಿ."

ಕೋಗಿಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಕೋಪ ಬಂದಿದೆಯೇನೋ ಎಂದುಕೊಂಡೆ. ನೋವು ಇತ್ತು ಎಂದು ಅವಳೇ ಒಪ್ಪಿಕೊಂಡಳು. ಪ್ರಶಸ್ತಿಯ ದಿನ ಮನೆಗೆ ಬಂದು ಎರಡು ದಿನ ಊಟ ಸೇರಿರಲಿಲ್ಲವಂತೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಆ ಸಿನಿಮಾದ ಕೊನೆಯ ದೃಶ್ಯ ನೆನಪಿದೆಯಾ ಎಂದು ಕೇಳಿದಳು. ಮಗಳನ್ನು ಕಳಿಸುವ ತಾಯಿ ಬಾಗಿಲಲ್ಲಿ ನಿಂತು, ಹೋಗು, ತಿರುಗಿ ನೋಡಬೇಡ ಎನ್ನುತ್ತಾಳೆ. ಅದನ್ನು ಇಪ್ಪತ್ತು ಸಲ ಹೇಳಿದರೂ ತನಗೆ ಕೂಡಿ ಬರಲಿಲ್ಲ ಎಂದಳು. ಶೂಟಿಂಗಿನ ಹೊತ್ತಿಗೆ ಬರೀ ಗುರುತಿಗೆಂದು ಅಮ್ಮನ ದನಿಯನ್ನೂ ಹಿಡಿದಿಟ್ಟಿರುತ್ತಿದ್ದರು. ಅದನ್ನು ಕೇಳಿಸಿಕೊಂಡು ತುಂಬುವುದು ಇವಳ ರೂಢಿ.

"ಆ 'ತಿರುಗಿ ನೋಡಬೇಡ' ನಾನು ಹೇಳಿದ್ದಲ್ಲ," ಎಂದಳು ಕೋಗಿಲೆ. "ಇದನ್ನ ಮುಟ್ಟಬೇಡಿ, ಹಾಗೇ ಇರಲಿ ಅಂತ ಎಂಜಿನಿಯರಿಗೆ ನಾನೇ ಹೇಳಿದೆ. ಅಳ್ತಾ ದನಿ ಒಡೆದಿದೆ ಅಂದ್ಕೊಂಡ್ರು ಎಲ್ಲರೂ. ಅದು ನಿಮ್ಮದು."

ಅಮ್ಮ ನನ್ನ ಕಡೆ ನೋಡಿದಳು. ನಾನು ಆ ಸಿನಿಮಾವನ್ನು ಒಂಬತ್ತು ಸಲ ನೋಡಿದ್ದೆ, ನನಗೂ ಗೊತ್ತಾಗಿರಲಿಲ್ಲ. ಅವಳು ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಯಾವಾಗಿಂದ ಶುರು ಮಾಡೋಣ ಎಂದು ಕೇಳಿದಳು.

ಆರು ವಾರ ದಿನಾ ಬೆಳಿಗ್ಗೆ ಅಮ್ಮ ಆ ಮೂರು ಮಹಡಿ ಹತ್ತಿದಳು. ಕೋಗಿಲೆ ಕಟ್ಟುನಿಟ್ಟಿನವಳು. ದನಿಯನ್ನು ಸಿಹಿ ಮಾಡಲು ಹೋದರೆ ಮೇಜು ಕುಟ್ಟುತ್ತಿದ್ದಳು. ಮೂವತ್ತು ವರ್ಷ ಅಮ್ಮನ ತುಟಿಯನ್ನೇ ನೋಡಿದವಳಿಗೆ ಅಮ್ಮ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಅಕ್ಷರಕ್ಕೆ ದವಡೆ ಬಿಗಿ ಮಾಡುತ್ತಾಳೆ, ಸುಳ್ಳು ಹೇಳುವಾಗ ಯಾವ ಪದವನ್ನು ನುಂಗುತ್ತಾಳೆ ಎಂಬುದೆಲ್ಲ ಅಂಗೈ ಗೆರೆಯಷ್ಟು ಗೊತ್ತಿತ್ತು. ಪತ್ರಿಕೆಯ ಹವಾಮಾನದ ಸುದ್ದಿಯನ್ನು ನಿಲ್ಲಿಸಿ ಓದಿಸಿದಳು, ಮೆಟ್ಟಿಲು ಹತ್ತಿಸುತ್ತ ಓದಿಸಿದಳು, ಬಾಯಲ್ಲಿ ರೊಟ್ಟಿ ಚೂರು ಇಟ್ಟು ಓದಿಸಿದಳು. ಕೆಳಗಿನ ಮನೆಯವರು ಬಂದು, ನಿಮ್ಮ ಮನೆಯ ಗಂಡಸರಿಗೆ ಮಳೆ ಬರುವುದು ಅಷ್ಟು ಸಂಕಟವೇ ಎಂದು ಕೇಳಿದರಂತೆ. ಅಕ್ಕ ಎಂದು ಅಮ್ಮ ಅವಳನ್ನು ಕರೆಯಲು ಶುರು ಮಾಡಿದ್ದು ಆ ದಿನ, ಇಬ್ಬರೂ ನಕ್ಕು ಸುಸ್ತಾದ ಮೇಲೆ.

ಧಾರಾವಾಹಿ ಶುರುವಾದ ಮೊದಲ ವಾರ ವಾಹಿನಿಗೆ ಕಾಗದಗಳ ರಾಶಿ ಬಿತ್ತು. ನಮ್ಮ ನಟಿಯ ಹಳೇ ದನಿ ವಾಪಸ್ ಕೊಡಿ ಎಂದು ಕೆಲವರು. ನುರಿತ ಗಂಟಲು ವೈದ್ಯರ ವಿಳಾಸವನ್ನೇ ಬರೆದು ಕಳಿಸಿದವರು ಒಬ್ಬರು. ನಿರ್ದೇಶಕಿ ಅವನ್ನೆಲ್ಲ ಬಚ್ಚಿಟ್ಟಿದ್ದಳು. ಅಮ್ಮ ಹುಡುಕಿ ತೆಗೆದು, ಒಂದೂ ಬಿಡದೆ ಓದಿ, ಬೆಳಿಗ್ಗೆ ಏಳಕ್ಕೆ ಬಣ್ಣ ಹಚ್ಚಿಸಿಕೊಳ್ಳಲು ಕೂತಳು. ಅವತ್ತಿನ ದೃಶ್ಯದಲ್ಲಿ ನರ್ಸು, ಶಸ್ತ್ರಚಿಕಿತ್ಸೆಗೆ ಹೆದರಿದ ರೋಗಿಗೆ ಧೈರ್ಯ ಹೇಳಬೇಕು. ಬರೆದುಕೊಟ್ಟದ್ದು ಅರ್ಧ ಪುಟ. ಅಮ್ಮ ನಿರ್ದೇಶಕಿಯ ಒಪ್ಪಿಗೆ ಕೇಳಿ ಅದನ್ನು ಮೂರು ಮಾತಿಗೆ ಇಳಿಸಿದಳು. ಹೆದರಿಕೆ ಆಗತ್ತೆ. ಆಗಲಿ. ನಾನು ಇಲ್ಲೇ ಇರ್ತೀನಿ. ಕ್ಯಾಮರಾ ನಿಂತ ಮೇಲೂ ಯಾರೂ ಅಲ್ಲಾಡಲಿಲ್ಲ ಎಂದು ಶಬ್ದ ಹಿಡಿಯುವವರು ನನಗೆ ಆಮೇಲೆ ಹೇಳಿದರು. ಅವರು ಹೆಡ್‌ಫೋನ್ ತೆಗೆಯುವುದನ್ನೇ ಮರೆತು ಊಟಕ್ಕೆ ಹೋಗಿದ್ದರಂತೆ.

ತಿರುಗಿ ಕಾಗದಗಳು ಬಂದವು. ಈ ಸಲ ಬೇರೆ ಥರದವು. ನಾಳೆ ನನಗೆ ಆಪರೇಷನ್, ನೀವು ಹೇಳಿದ್ದನ್ನು ನೆನೆಸಿಕೊಂಡು ಮಲಗುತ್ತೇನೆ ಎಂದು ಬರೆದ ಹೆಂಗಸಿನ ಕಾಗದವನ್ನು ಅಮ್ಮ ಇಂದಿಗೂ ಇಟ್ಟುಕೊಂಡಿದ್ದಾಳೆ. ಅವಳು ನಿಜಕ್ಕೂ ಬೀಗಿದ್ದು ಮಾತ್ರ ಇನ್ನೊಂದು ದಿನ. ನಮ್ಮ ಶಾಲೆಯ ವಾರ್ಷಿಕ ಕಾರ್ಯಕ್ರಮಕ್ಕೆ ಬಂದ ಮಿಮಿಕ್ರಿಯವನು, ಅವಳು ಸಭೆಯಲ್ಲಿರುವುದು ತಿಳಿಯದೆ ಅವಳದೇ ದನಿ ತೆಗೆದ. ಸಭೆಯೆಲ್ಲ ಮೊದಲ ಪದಕ್ಕೇ ಗುರುತು ಹಿಡಿದು ಚಪ್ಪಾಳೆ ತಟ್ಟಿತು. ನನಗೆ ಮುಜುಗರ. ಅಮ್ಮ ನನ್ನ ಕೈ ಹಿಡಿದಳು.

"ಮಿಮಿಕ್ರಿ ಮಾಡ್ತಾರೆ ಅಂದ್ರೆ ನನಗೂ ಒಂದು ದನಿ ಇದೆ ಅಂತ ಲೆಕ್ಕ ಕಣೇ."

ಧಾರಾವಾಹಿ ಒಂಬತ್ತು ವರ್ಷ ಓಡಿತು. ಮೂರನೇ ವರ್ಷ ವಾರ್ಡಿಗೆ ಹೊಸ ರೋಗಿ ಬೇಕಾದಾಗ, ಏಳನೇ ಮಂಚ ನನ್ನ ಅಕ್ಕನಿಗೆ ಕೊಡಿ ಎಂದು ಅಮ್ಮ ಹಟ ಹಿಡಿದಳು. ಕೋಗಿಲೆ ಹೌಹಾರಿದಳು. ಕತ್ತಲೆ ಕೋಣೆಯಲ್ಲಿ ಸಾವಿರ ಸಲ ಅತ್ತವಳು ದೀಪದ ಬೆಳಕಿಗೆ ಮರಗಟ್ಟಿಹೋದಳು. ಮೊದಲ ದಿನ ತನ್ನ ಕೈ ಎಲ್ಲಿಡಬೇಕೆಂಬುದೇ ಅವಳಿಗೆ ತಿಳಿಯಲಿಲ್ಲ. ಹನ್ನೊಂದು ಸಲ ತೆಗೆದರು, ಹನ್ನೊಂದೂ ಕೆಟ್ಟವು. ಅಮ್ಮ ದೃಶ್ಯ ನಿಲ್ಲಿಸಿ, ಮಂಚದ ಅಂಚಿಗೆ ಕೂತು, ಅವಳ ಕೈಗೆ ಹೊದಿಕೆಯ ಚುಂಗು ಕೊಟ್ಟು ಮಡಿಸುತ್ತಿರಲು ಹೇಳಿದಳು. ಕ್ಯಾಮರಾ ಮರೆತುಬಿಡು ಅಕ್ಕ, ನನ್ನ ತುಟಿ ನೋಡ್ಕೊ, ಅದು ನಿನಗೆ ಅಭ್ಯಾಸ ಇದೆಯಲ್ಲ ಎಂದಳು. ಹನ್ನೆರಡನೆಯದು ಸರಿಹೋಯಿತು.

ಆ ಕಂತನ್ನು ಮಧ್ಯಾಹ್ನ ಮೂರು ಗಂಟೆಗೆ ನಾವು ಮೂವರೂ ಕೋಗಿಲೆಯ ಮನೆಯಲ್ಲೇ ಕೂತು ನೋಡಿದೆವು. ಬಾಗಿಲ ಹೊರಗೆ ನೆರೆಹೊರೆಯವರ ಚಪ್ಪಲಿಗಳ ಸಾಲು. ಪರದೆಯ ಮೇಲೆ ತನ್ನ ಮುಖ ಬಂದಾಗ ಕೋಗಿಲೆ, ಅಯ್ಯೋ, ಮೂಗು ಇಷ್ಟು ದಪ್ಪವಾ ಎಂದಳು. ಅಮ್ಮ ಅವಳನ್ನು ಸುಮ್ಮನಿರಿಸಿದಳು. ಕೊನೆಗೆ ಹೆಸರುಗಳು ಓಡುವಾಗ ಅಮ್ಮನದರ ಕೆಳಗೇ ಅವಳ ಹೆಸರೂ ಬಂತು, ನಿಜವಾದ ಹೆಸರು. ನೆರೆಯವರಲ್ಲಿ ಅರ್ಧದಷ್ಟು ಜನಕ್ಕೆ ಅದು ಅವತ್ತೇ ಗೊತ್ತಾದದ್ದು.

ಕೋಗಿಲೆ ನಾಲ್ಕು ತಿಂಗಳು ಆ ಮಂಚದಲ್ಲಿದ್ದು, ಗುಣವಾಗಿ ಮನೆಗೆ ಹೋದಳು. ಸಾಯಿಸುವ ಯೋಚನೆ ಬರೆಯುವವರಿಗೆ ಇತ್ತು, ಅಮ್ಮ ಬಿಡಲಿಲ್ಲ. ಈಗ ಅಮ್ಮನಿಗೆ ಎಪ್ಪತ್ತಾರು. ಪ್ರಶಸ್ತಿಗಳು ಇನ್ನೂ ನಾಲ್ಕು ಬಂದಿವೆ, ಎಲ್ಲವೂ ಗೋಡೆಯ ಮೇಲಿವೆ. ಮೊಳೆ ಹೊಡೆದವಳು ನಾನು, ನೇರ ಇದೆಯೋ ಇಲ್ಲವೋ ಎಂದು ದೂರ ನಿಂತು ನೋಡಿ ಹೇಳಿದವಳು ಕೋಗಿಲೆ. ನಾಳೆಯಿಂದ ಅಮ್ಮನಿಗೆ ಹೊಸ ಸಿನಿಮಾ, ನ್ಯಾಯಾಧೀಶೆಯ ಪಾತ್ರ. ಸದ್ಯ ಬಾಲ್ಕನಿಯಲ್ಲಿ ಕೂತು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ. ತೀರ್ಪು ತೀರಾ ಉದ್ದವಾಯಿತು, ಅಪರಾಧಿಗೆ ನಿದ್ದೆ ಬರುತ್ತದೆ ಎಂದು ಬರೆದವರನ್ನು ಬೈಯುತ್ತಿದ್ದಾಳೆ. ರಸ್ತೆಯ ಆ ಕಡೆಯ ಮನೆಯವರಿಗೂ ಕೇಳಿಸುತ್ತಿರಬೇಕು.