ಎರಡು ಕೆಂಪು ಕ್ಯಾನು

ಹೆಪ್ಪುಗಟ್ಟಿದ ಸರೋವರದ ಮೇಲೆ ಎಂಟನೇ ತೂತು ಅರ್ಧಕ್ಕೆ ಬಂದಾಗ ಮಂಜುಗಡ್ಡೆ ಕೊರೆಯುವ ಬೈರಿಗೆ ಒಮ್ಮೆ ಕೆಮ್ಮಿ ನಿಂತುಹೋಯಿತು.

ಮಾರ್ಲಿಸ್ ಎಂಜಿನ್ನಿನ ಹಗ್ಗ ಎಳೆದಳು. ಮತ್ತೆ ಎಳೆದಳು. ಚೋಕ್ ಹಾಕಿ ಎಳೆದಳು, ತೆಗೆದು ಎಳೆದಳು. ಇಪ್ಪತ್ತಾದ ಮೇಲೆ ಎಣಿಸುವುದನ್ನು ಬಿಟ್ಟಳು. ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿಯಲ್ಲೂ ಅವಳ ಬೆನ್ನು ಬೆವರಿತು. ಪೆಟ್ರೋಲ್ ಮುಗಿದಿರಲು ಸಾಧ್ಯವಿಲ್ಲ, ಐದನೇ ತೂತಾದ ಮೇಲೆ ತಾನೇ ತುಂಬಿಸಿದ್ದಳು. ಹಾಗಂದುಕೊಳ್ಳುತ್ತ ಜಾರುಬಂಡಿಯ ಕಡೆ ತಿರುಗಿದಳು. ಅದರಲ್ಲಿದ್ದ ಕ್ಯಾನಿನ ಹಿಡಿಗೆ ನೀಲಿ ಉಣ್ಣೆ ದಾರ ಇರಲಿಲ್ಲ.

ಅವಳ ಮಾವ ಅರ್ವೊನ ಶೆಡ್ಡಿನಲ್ಲಿ ಎರಡು ಕೆಂಪು ಕ್ಯಾನುಗಳಿದ್ದವು. ದಾರ ಕಟ್ಟಿದ್ದರಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್, ಅದು ಬೈರಿಗೆಗೆ. ದಾರವಿಲ್ಲದ್ದು ಅಂಗಳದ ಹಿಮ ತೂರುವ ಮಷೀನಿಗೆ, ಅದರಲ್ಲಿ ಬರೀ ಪೆಟ್ರೋಲ್. ಆ ಮಷೀನಂತೂ ಹಳೇ ಲಡಾಸು. ಅದು ಓಡಿದರೆ ಬೀದಿಯ ತುಂಬ ನೀಲಿ ಹೊಗೆ. ಅದನ್ನು ಗುಜರಿಗೆ ಹಾಕೋಣ ಎಂದು ಅವಳ ಗಂಡ ಡೇಲ್ ಎರಡು ವರ್ಷದಿಂದ ಗೊಣಗುತ್ತಿದ್ದ. ಬೆಳಿಗ್ಗೆ ಕತ್ತಲಲ್ಲಿ, ದಪ್ಪ ಕೈಗವಸಿನಲ್ಲಿ, ಅವಳು ಕೈಗೆ ಸಿಕ್ಕ ಕ್ಯಾನು ಎತ್ತಿಕೊಂಡು ಬಂದಿದ್ದಳು.

ಎಣ್ಣೆಯಿಲ್ಲದ ಪೆಟ್ರೋಲಿನಲ್ಲಿ ಓಡಿದರೆ ಬೈರಿಗೆಯ ಪಿಸ್ಟನ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಈ ಸರೋವರದ ದಡದಲ್ಲಿ ಅದು ಮಕ್ಕಳಿಗೂ ಗೊತ್ತು.

ಬೈರಿಗೆಗೆ ಇಪ್ಪತ್ತೆರಡು ವರ್ಷ. ಅದನ್ನು ಮಾಡಿದ ಕಂಪನಿ ಮುಚ್ಚಿ ಕಾಲವಾಯಿತು, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಅರ್ವೊ ಅದನ್ನು ಸ್ವಂತ ಮಗನಿಗೂ ಮುಟ್ಟಲು ಕೊಟ್ಟವನಲ್ಲ. ಒಮ್ಮೆ ಕೊಟ್ಟಿದ್ದ. ಡೇಲ್ ದಡದ ಹತ್ತಿರ ಕೊರೆದು ಅಲಗುಗಳನ್ನು ಮರಳಿಗಿಳಿಸಿ ಮೊಂಡು ಮಾಡಿಕೊಂಡು ಬಂದಿದ್ದ. ಈ ಚಳಿಗಾಲ ಅರ್ವೊಗೆ ಹರ್ನಿಯಾ ಆಪರೇಷನ್ ಆಯಿತು. ಟೀ ಕೆಟಲಿಗಿಂತ ಭಾರದ್ದು ಎತ್ತಬೇಡ ಎಂದರು ಡಾಕ್ಟರು. ನಾಳೆ ಅವನ ಅಣ್ಣ ತೊಯ್ವೊ ಮೀನು ಹಿಡಿಯಲು ಬರುವವನಿದ್ದ. ಆಳ ಎಲ್ಲಿದೆ, ಮೀನು ಎಲ್ಲಿದೆ ಎಂದು ನೋಡಲು ಹನ್ನೆರಡು ತೂತುಗಳ ಸಾಲು ಬೇಕಿತ್ತು. ಅರ್ವೊ ಮೂರು ದಿನ ಯೋಚಿಸಿ ಸೊಸೆಯನ್ನು ಶೆಡ್ಡಿಗೆ ಕರೆದಿದ್ದ. "ನೀನು ಸ್ಕೂಲ್ ಬಸ್ ಓಡಿಸ್ತೀಯ, ನಿಂಗೆ ಮಷೀನು ಅಂದ್ರೆ ಏನು ಅಂತ ಗೊತ್ತು," ಎಂದಷ್ಟೇ ಹೇಳಿ ಕೊಟ್ಟಿದ್ದ. ಮದುವೆಯಾಗಿ ಎರಡು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಒಂದೇ ಒಳ್ಳೆಯ ಮಾತು ಅದು.

ಮಂಜುಗಡ್ಡೆಯ ಮೇಲೇ ಕಟ್ಟಿದ್ದ ಪಕ್ಕದ ಮೀನು ಗುಡಿಸಲಿನಿಂದ ಗಾರ್ಡಿ ಹೊರಬಂದ. ಅರ್ವೊನ ಹಳೆಯ ಸ್ನೇಹಿತ, ಊರಿಗೆಲ್ಲ ಸುದ್ದಿ ಹಬ್ಬಿಸುವ ಬಾಯಿ.

"ಏನಮ್ಮಾ, ಹಗ್ಗ ಎಳೆದೂ ಎಳೆದೂ ತೋಳು ಉದ್ದ ಮಾಡ್ಕೋತಿದ್ದೀಯಾ?"

"ನಿಂತೋಯ್ತು ಗಾರ್ಡಿ."

ಗಾರ್ಡಿ ಕ್ಯಾನು ನೋಡಿದ, ಅವಳ ಮುಖ ನೋಡಿದ. "ದಾರ ಎಲ್ಲಿ?"

"ಇದು ಹಿಮ ತೂರೋ ಮಷೀನಿಂದು."

"ಅಯ್ಯೋ ಪುಣ್ಯಾತ್ಗಿತ್ತಿ! ಎಷ್ಟು ಹೊತ್ತು ಓಡಿಸ್ದೆ?"

"ಎರಡೂವರೆ ತೂತು."

"ಮುಗೀತು ಬಿಡು. ಸುಟ್ಟು ಕರಕಲಾಗಿರತ್ತೆ." ಅವನು ಗಡ್ಡದ ಮಂಜು ಕೊಡವಿಕೊಂಡ. "ಒಂದು ಕೆಲ್ಸ ಮಾಡೋಣ. ಆ ಕ್ಯಾನು ನನ್ನ ಗುಡಿಸಲಲ್ಲಿ ಬಚ್ಚಿಡು. ಎಣ್ಣೆ ಬೆರೆಸಿದ್ದು ನಂದೊಂದು ಕ್ಯಾನಿದೆ, ನಿನ್ನ ಬಂಡೀಲಿ ಇಟ್ಕೋ. ಹಳೇ ಮಷೀನು, ತಾನಾಗೇ ಸತ್ತೋಯ್ತು ಅನ್ನು."

"ನಂಬ್ತಾರಾ?"

"ನಾನೇ ಸಾಕ್ಷಿ ಹೇಳ್ತೀನಲ್ಲ. ಇಂಥದ್ರಲ್ಲಿ ನನ್ನಷ್ಟು ಒಳ್ಳೆ ಸಾಕ್ಷಿ ಇನ್ಯಾರು ಸಿಗ್ತಾರೆ?"

ಅವನು ತನ್ನ ಕ್ಯಾನನ್ನು ತಂದೂಬಿಟ್ಟ. ಅಷ್ಟರಲ್ಲಿ ದಡದ ಕಡೆಯಿಂದ ಹಸಿರು ಪಿಕಪ್ ಹೆಪ್ಪುಗಟ್ಟಿದ ಸರೋವರಕ್ಕೆ ಇಳಿದು ಇತ್ತಲೇ ಬರತೊಡಗಿತು. ಊಟ ತಂದುಕೊಡುವ ನೆಪದಲ್ಲಿ ಅರ್ವೊ ಕೆಲಸ ನೋಡಲು ಹೊರಟಿದ್ದ. ಅವಳಿಗೆ ಒಂದು ನಿಮಿಷವಿತ್ತು. ಗಾರ್ಡಿಯ ಕ್ಯಾನು ಕಾಲ ಬಳಿಯೇ ಇತ್ತು. ಬದಲಿಸಲು ಎರಡು ಹೆಜ್ಜೆ ಸಾಕು.

ಬದಲಿಸಿದರೆ ಇನ್ನು ಬದುಕಿಡೀ ಗಾರ್ಡಿ ಬಾಯಿ ತೆರೆದಾಗಲೆಲ್ಲ ಹೆದರಬೇಕು. ಅದಕ್ಕಿಂತ ಬೈಸಿಕೊಳ್ಳುವುದೇ ಸುಲಭ ಎನ್ನಿಸಿತು ಅವಳಿಗೆ. "ನಿನ್ನ ಕ್ಯಾನು ತಗೊಂಡ್ಹೋಗು ಗಾರ್ಡಿ," ಎಂದಳು.

ಅರ್ವೊ ಹೊಟ್ಟೆ ಹಿಡಿದುಕೊಂಡು ಪಿಕಪ್ಪಿನಿಂದ ಇಳಿದ. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಮಾಂಸದ ಕಡುಬು. "ಏಳೂವರೆ," ಎಂದ, ತೂತುಗಳ ಸಾಲನ್ನು ನೋಡಿ. "ಅರ್ಧ ಯಾಕೆ?"

"ಮಾವ, ನಾನು ಬೇರೆ ಕ್ಯಾನು ತಂದ್ಬಿಟ್ಟೆ. ಅದನ್ನೇ ತುಂಬಿಸ್ದೆ. ಬೈರಿಗೆ ಸುಟ್ಟೋಯ್ತು."

ಒಂದೇ ಉಸಿರಿನಲ್ಲಿ ಹೇಳಿ ಅವಳು ಅವನ ಬೂಟು ನೋಡುತ್ತ ನಿಂತಳು. ಅರ್ವೊ ಕಡುಬನ್ನು ಗಾರ್ಡಿಯ ಕೈಗೆ ಕೊಟ್ಟ. ಬೈರಿಗೆಯ ಮುಂದೆ ನಿಧಾನವಾಗಿ ಬಗ್ಗಿ, ಟ್ಯಾಂಕಿನ ಮುಚ್ಚಳದ ಮೇಲೆ ಬೆರಳಾಡಿಸಿದ.

"ಈ ಗಾಳಿ ತಿರುಪು ಯಾಕೆ ಬಿಗಿದಿದೀಯಾ?"

"ತುಂಬಿಸಿದ್ಮೇಲೆ... ಬಿಗಿದೆ."

"ಹೊತ್ಕೊಂಡು ಹೋಗುವಾಗ ಬಿಗೀಬೇಕು. ಓಡಿಸುವಾಗ ಸಡಿಲ ಇರ್ಬೇಕು. ಒಳಗೆ ಗಾಳಿ ಹೋಗ್ದೆ ಪೆಟ್ರೋಲ್ ಹೇಗೆ ಇಳಿಯತ್ತೆ?" ಅವನು ತಿರುಪನ್ನು ಅರ್ಧ ಸುತ್ತು ತಿರುಗಿಸಿದ. ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡಿತು. "ಎಳಿ."

"ಮಾವ, ಎಣ್ಣೆ ಇಲ್ದಿರೋ ಪೆಟ್ರೋಲು ಅದು. ಎಳೆದ್ರೆ ಇನ್ನೂ ಹಾಳಾಗತ್ತೆ."

"ಎಳಿ ಅಂದ್ನಲ್ಲ."

ಎರಡು ಸಲ ಏನೂ ಆಗಲಿಲ್ಲ. ಮೂರನೆಯದಕ್ಕೆ ಬೈರಿಗೆ ಒದರಿಕೊಂಡು ಎದ್ದಿತು. ದಿನಾ ಮಾಡುವ ಅದೇ ಕರ್ಕಶ ಸದ್ದು, ಅದೇ ನೀಲಿ ಹೊಗೆ. ಮಾರ್ಲಿಸ್ ಅಲಗುಗಳನ್ನು ಅರ್ಧ ತೂತಿಗೆ ಇಳಿಸಿ ಹಿಡಿ ಒತ್ತಿದಳು. ಮಂಜಿನ ಪುಡಿ ಸುತ್ತ ಏರಿತು, ಆಮೇಲೆ ಅಲಗಿನ ಕೆಳಗೆ ಮಂಜುಗಡ್ಡೆ ದಡಕ್ಕೆಂದು ತೂತಾಗಿ ಕಪ್ಪು ನೀರು ಉಕ್ಕಿತು. ಎಂಜಿನ್ ಆರಿಸಿದ ಕೂಡಲೇ ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತು ಬಿದ್ದು ಬಿದ್ದು ನಕ್ಕಳು.

"ಅದ್ಹೇಗೆ ಸುಡ್ಲಿಲ್ಲ?" ಎಂದ ಗಾರ್ಡಿ, ಬಾಯಿ ತುಂಬ ಕಡುಬು.

"ಗಾರ್ಡಿ, ಮೀನು ಕಚ್ಚಿದಂಗಿದೆ, ನಿನ್ನ ಗಾಳದ ಬಾವುಟ ಎದ್ದಿದೆ ನೋಡು," ಎಂದ ಅರ್ವೊ.

ಗಾರ್ಡಿ ಕಡುಬಿನ ಸಮೇತ ಓಡಿದ. ಬಾವುಟ ಎದ್ದಿರಲಿಲ್ಲ. ಅವನು ದೂರ ಹೋಗುವುದನ್ನೇ ಅರ್ವೊ ಕಾದ.

"ಎರಡೂ ಕ್ಯಾನಲ್ಲಿ ಎಣ್ಣೆ ಇದೆ," ಎಂದ.

"ಆಂ?"

"ನಾನೇ ಬೆರೆಸ್ತೀನಿ. ಎರಡಕ್ಕೂ. ಮೂವತ್ತೈದು ವರ್ಷ ಆಯ್ತು." ಅವನು ಅವಳ ಕಡೆ ನೋಡದೆ ಅಲಗುಗಳಿಗೆ ಅಂಟಿದ್ದ ನೀರನ್ನು ಬಟ್ಟೆಯಲ್ಲಿ ಒರೆಸತೊಡಗಿದ. "ತೊಯ್ವೊ ಆಗೊಂದು ಹೊಸ ಬೈರಿಗೆ ತಂದಿದ್ದ. ಕೇಳ್ದೇ ತಗೊಂಡ್ಹೋದೆ. ಬರೀ ಪೆಟ್ರೋಲ್ ಹಾಕ್ಬಿಟ್ಟೆ. ನಾಲ್ಕೇ ತೂತು, ಸತ್ತೋಯ್ತು. ತಂದು ಇದ್ದ ಜಾಗದಲ್ಲೇ ಇಟ್ಟು ಸುಮ್ಮನಾದೆ. ಅವನು ಆ ಕಂಪನಿಯೋರಿಗೆ ಬೈದು ಬೈದು ಕಾಗದ ಬರೆದ. ಇವತ್ತಿಗೂ ಅವರ ಹೆಸರು ಎತ್ತಿದ್ರೆ ಉಗೀತಾನೆ."

"ಅವರಿಗೆ ಗೊತ್ತೇ ಇಲ್ವಾ?"

"ಹೇಳಿದ್ರೆ ತಾನೆ ಗೊತ್ತಾಗೋದು. ನೀನು ಎಷ್ಟು ಬೇಗ ಹೇಳ್ದೆ, ನಾನು ಇಳಿದು ಒಂದು ನಿಮಿಷಾನೂ ಆಗಿರ್ಲಿಲ್ಲ." ಅವನು ಮೂಗು ಒರೆಸಿಕೊಂಡ. "ನಂಗೆ ಆಗ್ಲಿಲ್ಲ ಅದು."

"ಮತ್ತೆ ಆ ನೀಲಿ ದಾರ?"

"ಅದು ಡೇಲ್‌ಗೆ. ಎರಡೂ ಒಂದೇ ಅಂತ ಗೊತ್ತಾದ್ರೆ ಅವನು ಇನ್ನೆಲ್ಲಿಂದಾದ್ರೂ ಬರೀ ಪೆಟ್ರೋಲಿನ ಮೂರನೇ ಕ್ಯಾನು ಹುಡುಕಿ ತರ್ತಾನೆ."

"ಹಾಗಾದ್ರೆ ಹಿಮ ತೂರೋ ಮಷೀನು ಆ ಪಾಟಿ ಹೊಗೆ ಬಿಡೋದು..."

"ಎಣ್ಣೆ ಕುಡ್ಕೊಂಡು ಓಡತ್ತೆ, ಇನ್ನೇನು ಮಾಡತ್ತೆ? ವಾರಕ್ಕೊಂದ್ಸಲ ಪ್ಲಗ್ ಬಿಚ್ಚಿ ಒರೆಸ್ತೀನಿ." ಅವನು ಬಟ್ಟೆ ಮಡಚಿ ಜೇಬಿಗೆ ತುರುಕಿದ. "ನಾಳೆ ತೊಯ್ವೊ ಮುಂದೆ ಬಾಯಿ ಬಿಟ್ಟೀಯಾ, ಹುಷಾರು."

"ನಾನ್ಯಾಕೆ ಹೇಳ್ಲಿ? ನೀವೇ ಹೇಳ್ಬೇಕು ಮಾವ."

ಅರ್ವೊ ಪಿಕಪ್ಪಿನ ಬಾಗಿಲು ತೆರೆದ. "ಮೀನು ಚೆನ್ನಾಗಿ ಸಿಕ್ರೆ ನೋಡೋಣ," ಎಂದ. ಹೇಳುತ್ತಾನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆದರೆ ಪಿಕಪ್ಪಿಗೆ ಹತ್ತುವಾಗ ಅವನು ಬರುವಾಗಿನಷ್ಟು ಬಗ್ಗಿರಲಿಲ್ಲ.

ಉಳಿದ ನಾಲ್ಕು ತೂತು ಕೊರೆಯಲು ಅರ್ಧ ಗಂಟೆ ಹಿಡಿಯಿತು. ಸಂಜೆ ಅವಳು ಗಾಳಿ ತಿರುಪು ಬಿಗಿದು, ಅಲಗುಗಳಿಗೆ ಎಣ್ಣೆ ಸವರಿ, ಬೈರಿಗೆಯನ್ನು ತಣ್ಣನೆಯ ಶೆಡ್ಡಿನಲ್ಲಿ ನೇತುಹಾಕಿದಳು. ಎರಡು ಕ್ಯಾನುಗಳನ್ನೂ ಪಕ್ಕಪಕ್ಕ ಇಟ್ಟಳು. ಹೊರಗೆ ಡೇಲ್ ಅಂಗಳದ ಹಿಮ ತೂರುತ್ತಿದ್ದ. ನೀಲಿ ಹೊಗೆ ಬಾಗಿಲಿನವರೆಗೂ ಬಂತು.

"ಈ ದರಿದ್ರ ಮಷೀನು ನಾಳೇನೇ ಗುಜರಿಗೆ!" ಎಂದು ಅವನು ಕೆಮ್ಮುತ್ತ ಕೂಗಿದ.

"ಇರ್ಲಿ ಬಿಡೋ," ಎಂದಳು ಮಾರ್ಲಿಸ್. "ಪಾಪ, ಚೆನ್ನಾಗೇ ಓಡ್ತಿದೆ."