ಸರ್ಕಾರಿ ಪಾಪುವಿನ ಕೊಡೆ

ನಮ್ಮ ಭಾವನಿಗೆ ಐವತ್ತು ದಾಟಿದ ಮೇಲೆ ಸರ್ಕಾರ ಅವರನ್ನು ಶಿಶು ಎಂದು ಘೋಷಿಸಿತು. ತಲೆ ಬೋಳಾಗಿತ್ತು, ಮೀಸೆ ನರೆತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆದರೆ ಆದೇಶ ಬಂದಿತ್ತು: ಕೊಡೆ ತಯಾರಿಕೆ ದೇಶದ ಶಿಶು ಉದ್ಯಮ, ಅದು ತನ್ನ ಕಾಲ ಮೇಲೆ ನಿಲ್ಲುವವರೆಗೆ ಹೊರಗಿನ ಕೊಡೆಗಳು ದೇಶದೊಳಕ್ಕೆ ಕಾಲಿಡಕೂಡದು. ದೇಶದಲ್ಲಿ ಕೊಡೆ ತಯಾರಿಸುತ್ತಿದ್ದವರು ನಾವು ಮಾತ್ರ. ಬೀದಿಯವರು ಅಂದಿನಿಂದ ಭಾವನನ್ನು ಸರ್ಕಾರಿ ಪಾಪು ಎಂದು ಕರೆಯತೊಡಗಿದರು.

ಮುಂದೆ ಅಂಗಡಿ, ಅಲ್ಲಿ ನಾನು. ಹಿಂದಿನ ಕೋಣೆಯಲ್ಲಿ ಭಾವ ಕಡ್ಡಿಗಳನ್ನು ಬಗ್ಗಿಸಿ ಕಟ್ಟುತ್ತಿದ್ದರು. ಕಿಟಕಿಯ ಪಕ್ಕ ಕೂತು ಅಕ್ಕ ಮೇಣ ಹಚ್ಚಿದ ದಾರದಲ್ಲಿ ಬಟ್ಟೆಯನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಮಷೀನಿನ ಸೂಜಿ ತೂತು ಮಾಡುತ್ತೆ, ನನ್ನ ಸೂಜಿ ತೂತು ಮುಚ್ಚುತ್ತೆ ಅನ್ನುವುದು ಅವಳ ಜಂಬ. ಜಂಬ ಸುಮ್ಮನೆ ಬಂದದ್ದಲ್ಲ, ಅವಳು ಹೊಲಿದ ಕೊಡೆ ಸೋರಿದ್ದನ್ನು ಯಾರೂ ಕಂಡಿರಲಿಲ್ಲ.

ವರ್ಷಕ್ಕೊಮ್ಮೆ ಇಲಾಖೆಯ ಸಾಹೇಬರು ಶಿಶುವಿನ ಬೆಳವಣಿಗೆ ನೋಡಲು ಬರುತ್ತಿದ್ದರು. ತಮ್ಮ ಗುಮಾಸ್ತರನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ನಮ್ಮ ಕೊಡೆ ಕೊಟ್ಟು, ಮೇಲಿಂದ ಬಕೆಟ್ ನೀರು ಸುರಿಸುವುದು ಅವರ ಪರೀಕ್ಷೆ. ಗುಮಾಸ್ತರು ನೆನೆದರೆ ಉದ್ಯಮ ಇನ್ನೂ ಎಳೆಯದು. ನೆನೆಯದಿದ್ದರೆ ಬೆಳೆದಿದೆ ಎಂದರ್ಥ, ನಿಷೇಧ ತೆಗೆಯಬಹುದು.

ಮೊದಲ ಸಲ ಗುಮಾಸ್ತರು ಒಂದು ಹನಿಯೂ ತಾಗದೆ ಎದ್ದು ನಿಂತರು. ಅಕ್ಕನ ಮುಖ ಅರಳಿತು. ಸಾಹೇಬರ ಮುಖ ಸಪ್ಪಗಾಯಿತು.

"ಏನ್ರೀ ಇದು, ಇಷ್ಟು ಬೇಗ ಬೆಳೆದುಬಿಟ್ರೆ ಹೇಗೆ?" ಎಂದರು. "ನಾಳೆ ಹೊರಗಿನ ಕೊಡೆ ರಾಶಿ ರಾಶಿ ಬಂದು ಬಿದ್ರೆ ನಿಮ್ಮ ಗತಿ ಏನು? ನಿಮ್ಮದು ಬಿಡಿ, ನಮ್ಮ ಗತಿ ಏನು? ಶಿಶು ಉದ್ಯಮ ವಿಭಾಗ ಅಂತ ಈಗ ತಾನೇ ಬೋರ್ಡು ಹಾಕ್ಸಿದೀವಿ. ಹೋಗ್ಲಿ, ನೀರು ಸರಿಯಾಗಿ ಬೀಳ್ಲಿಲ್ಲ ಅಂದ್ಕೊಳ್ಳೋಣ. ನಾಳೆ ಬರ್ತೀನಿ."

ಅವರು ಹೋದ ಮೇಲೆ ಭಾವ ಕಿಟಕಿಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಹೊಲಿಗೆ ಸ್ವಲ್ಪ ದೂರ ದೂರ ಹಾಕ್ತೀಯಾ?"

"ಸೋರೋ ಹಾಗಾ?"

"ಜಾಸ್ತಿ ಬೇಡ. ಗುಮಾಸ್ತರ ಭುಜ ನೆನೆದ್ರೆ ಸಾಕು."

"ಅದು ನನ್ನ ಕೈಯಲ್ಲಿ ಆಗಲ್ಲ ರೀ."

"ಮಗಳ ಓದು, ಈ ಅಂಗಡಿ, ನಿನ್ನ ತಮ್ಮನ ಊಟ, ಎಲ್ಲಾ ಆ ಭುಜದ ಮೇಲಿದೆ ಕಣೆ."

ನನ್ನ ಊಟವನ್ನು ಎಳೆದು ತಂದದ್ದು ಚುಚ್ಚಿತು. ಆದರೆ ಊಟ ಮಾಡುತ್ತಿದ್ದದ್ದು ನಿಜ ತಾನೇ. ಅಕ್ಕ ಹೊಲಿಯತೊಡಗಿದಳು. ಕೈ ತಾನಾಗಿ ಒತ್ತೊತ್ತಾಗಿ ಹೋಗುತ್ತಿತ್ತು. ಬಿಚ್ಚುತ್ತಿದ್ದಳು, ಬೈದುಕೊಳ್ಳುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಮರುದಿನ ಗುಮಾಸ್ತರ ಭುಜ ನೆನೆಯಿತು. ಸಾಹೇಬರು ಸಂತೋಷದಿಂದ ಭಾವನ ಬೆನ್ನು ತಟ್ಟಿ ಹೋದರು.

ಆಮೇಲೆ ಎಲ್ಲ ಸಲೀಸಾಯಿತು. ಸಾಹೇಬರು ಯಾವ ಕೊಡೆ ಎತ್ತಿಕೊಳ್ಳುತ್ತಾರೋ ಗೊತ್ತಿಲ್ಲದ್ದರಿಂದ ಅಕ್ಕ ಎಲ್ಲವನ್ನೂ ದೂರ ದೂರವೇ ಹೊಲಿಯತೊಡಗಿದಳು. ಗುಮಾಸ್ತರು ಮನೆಯಿಂದಲೇ ಟವೆಲ್ ತರತೊಡಗಿದರು. ಮಳೆಯಲ್ಲಿ ತೊಯ್ದು ತೊಪ್ಪೆಯಾದ ಗಿರಾಕಿಗಳು ಜಗಳಕ್ಕೆ ಬಂದರೆ ನಾನು, "ಬೇಡ ಅಂದ್ರೆ ಬೇರೆ ಕಡೆ ತಗೊಳ್ಳಿ," ಎನ್ನುತ್ತಿದ್ದೆ. ಬೇರೆ ಕಡೆ ಎಲ್ಲಿತ್ತು? ಸಾಹೇಬರ ಕೈಯಲ್ಲಿ ಮಾತ್ರ ಥಳಥಳ ಹೊಳೆಯುವ ಕೊಡೆ. ನಿಷೇಧಕ್ಕೆ ಮುಂಚಿನದು ಎನ್ನುತ್ತಿದ್ದರು. ಅದರ ಹಿಡಿಯಲ್ಲಿ ಹೊರದೇಶದ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ಹೀಗೆ ಅಕ್ಕನ ಕೂದಲು ನರೆಯುವ ಹೊತ್ತಿಗೆ ಸರ್ಕಾರ ಬದಲಾಯಿತು. ಹೊಸ ಮಂತ್ರಿಗಳಿಗೆ ಈ ಶಿಶುವಿನ ವಯಸ್ಸಿನ ಮೇಲೆ ಅನುಮಾನ ಬಂತು, ನಿಷೇಧ ಎತ್ತಿದರು. ಸಾಹೇಬರು ಅದೇ ಕುರ್ಚಿಯಲ್ಲಿದ್ದರು, ಬೋರ್ಡು ಮಾತ್ರ ಮುಕ್ತ ಪೈಪೋಟಿ ವಿಭಾಗ ಎಂದಾಗಿತ್ತು.

"ಮುಂದಿನ ವಾರ ಹೊರಗಿನ ಕೊಡೆ, ನಿಮ್ಮ ಕೊಡೆ, ಎರಡಕ್ಕೂ ನೀರು ಸುರೀತೀವಿ," ಎಂದರು. "ನಿಮ್ಮದು ಸೋರ್ಲಿಲ್ಲ ಅಂದ್ರೆ ಸರ್ಕಾರಿ ಕಚೇರಿಗಳಿಗೆಲ್ಲ ನಿಮ್ಮದೇ ಕೊಡೆ. ಸೋರಿದ್ರೆ ಅಂಗಡಿ ಬಾಗಿಲು ಹಾಕ್ಕೊಳ್ಳಿ."

ಭಾವ ನಗುನಗುತ್ತ ಒಳಗೆ ಬಂದರು. "ಇನ್ನು ನಿನ್ನ ಹಳೇ ಹೊಲಿಗೆ ಹಾಕು. ಒಂದು ಹನಿ ಇಳೀಬಾರ್ದು."

ಅಕ್ಕ ಹೊಸ ದಾರಕ್ಕೆ ಮೇಣ ತಿಕ್ಕಿ ಹುರುಪಿನಿಂದ ಕೂತಳು. ಹೊಲಿದಳು, ನೋಡಿದಳು, ಬಿಚ್ಚಿದಳು. ಕೈ ತಾನಾಗಿ ದೂರ ದೂರ ಹೋಗುತ್ತಿತ್ತು. ಕೊನೆಗೆ ಬಟ್ಟೆಯನ್ನು ಕಿಟಕಿಗೆ ಹಿಡಿದಳು. ಹೊಲಿಗೆಯ ಸಂದಿನಿಂದ ಬಂದ ಬೆಳಕು ಅವಳ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು.

"ಕೈಗೆ ಮರೆತುಹೋಗಿದೆ ರೀ," ಎಂದಳು.

"ನಿಧಾನಕ್ಕೆ ಹೊಲಿ."

"ನಿಧಾನಕ್ಕೇ ಹೊಲಿದೆ."

ವಾರವಿಡೀ ಅದೇ ಆಯಿತು. ಅವಳನ್ನು ನೋಡಲಾಗದೆ ನಾನು ಅಂಗಡಿಗೆ ಬಂದು ಕೂರುತ್ತಿದ್ದೆ.

ಪರೀಕ್ಷೆಯ ದಿನ ಹೊರಗಿನ ಕೊಡೆಯ ಕೆಳಗೆ ಗುಮಾಸ್ತರು ಬೆಚ್ಚಗೆ ಕೂತಿದ್ದರು. ನಮ್ಮದರ ಕೆಳಗೆ ಭುಜವೇನು, ಮೊಣಕಾಲಿನವರೆಗೂ ನೆನೆದರು. ಅಕ್ಕ ಆ ಹೊರಗಿನ ಕೊಡೆ ಎತ್ತಿಕೊಂಡು ಅದರ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ನಾನೂ ಹೀಗೇ ಹೊಲೀತಿದ್ದೆ," ಎಂದಳು.

"ಹೌದೇನಮ್ಮಾ?" ಸಾಹೇಬರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮತ್ತೆ ಇಷ್ಟು ವರ್ಷ ಒಂದಾದ್ರೂ ತೋರಿಸ್ಬಾರ್ದಿತ್ತಾ?"

ತಲೆ ಒರೆಸಿಕೊಳ್ಳುತ್ತಿದ್ದ ಗುಮಾಸ್ತರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.